ಒಂಬತ್ತು ಕಂಬ, ಒಂದು ಹೆಬ್ಬೆಟ್ಟು

ನಮ್ಮ ಪಂಚಾಯತಿ ಆಫೀಸಿನ ಮುಂದೆ ಒಂದು ಹುಣಸೇಮರ ಇದೆ. ಗ್ರಾಮಸಭೆ ನಡೆಯುವುದು ಅದರ ನೆರಳಲ್ಲೇ. ಬುಡದಲ್ಲಿ ಒಂದು ಮೇಜು, ಮೇಜಿನ ಮೇಲೆ ಉದ್ದನೆಯ ಪುಸ್ತಕ, ಪಕ್ಕದಲ್ಲಿ ಹೆಬ್ಬೆಟ್ಟಿನ ಮಸಿಡಬ್ಬಿ. ಬಂದವರು ಮೊದಲು ಪುಸ್ತಕದಲ್ಲಿ ರುಜು ಹಾಕಬೇಕು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬೇಕು, ಆಮೇಲೆ ಟೀ ಲೋಟ, ಎರಡು ಬಿಸ್ಕತ್ತು ತೆಗೆದುಕೊಂಡು ಟಾರ್ಪಾಲಿನ ಮೇಲೆ ಕೂರಬೇಕು. ಮಾತು ಶುರುವಾಗುವುದು ಆಮೇಲೆ. ಎಷ್ಟೋ ವರ್ಷ ಹೀಗೇ ನಡೆಯಿತು. ಊಟಕ್ಕೆ ಮೊದಲು ಕೈ ತೊಳೆಯುತ್ತೇವಲ್ಲ, ರುಜುವೂ ಹಾಗೇ ಅಂದುಕೊಂಡಿದ್ದೆವು.

ನಮ್ಮೂರು ತಮಿಳುನಾಡಿನ ಮಾರಂಡಹಳ್ಳಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಮನೆಮಾತು ಕನ್ನಡ, ಆಫೀಸಿನ ಬರಹವೆಲ್ಲ ತಮಿಳು. ನನ್ನ ಕೆಲಸ ಸರ್ಕಾರದ ಕಡೆಯಿಂದ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ. ನರ್ಸಮ್ಮ ವ್ಯಾನಿನಲ್ಲಿ ಬರುವುದು ವಾರಕ್ಕೊಮ್ಮೆ. ಉಳಿದ ದಿನ ಮಗ್ಗುಲು ತಿರುಗಿಸುವುದು, ಬೆನ್ನಿನ ಹುಣ್ಣು ತೊಳೆದು ಬಟ್ಟೆ ಕಟ್ಟುವುದು, ಗಂಜಿ ಕುಡಿಸುವುದು, ಸೊರಗಿದ ಕೈಕಾಲು ನೀವಿ ಆಡಿಸುವುದು ಎಲ್ಲ ನಮ್ಮದು. ಇದಕ್ಕೆ ಕೊಡುವುದನ್ನು ಸಂಬಳ ಅನ್ನುವುದಿಲ್ಲ. ತಮಿಳಿನಲ್ಲಿ ಊಕ್ಕತ್ತೊಗೈ ಅನ್ನುತ್ತಾರೆ, ಹುರುಪು ಬರಲಿ ಅಂತ ಕೊಡುವ ಹಣ. ಹುಣ್ಣು ತೊಳೆಯುವವಳಿಗೆ ಹುರುಪು ಸಾಲದು ಅಂತ ಅವರಿಗೆ ಯಾರು ಹೇಳಿದರೋ ಕಾಣೆ.

ನನ್ನ ಜೊತೆಯವಳು ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನನ್ನನ್ನು ಅಕ್ಕಾ ಅನ್ನುತ್ತಾಳೆ. ಅವಳ ಗಂಡ ಸೇಲಂ ಕಡೆ ಲಾರಿ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುತ್ತಾನೆ. ಅವಳನ್ನು ಈ ಕೆಲಸಕ್ಕೆ ಎಳೆದವಳು ನಾನೇ. ಮನೆಗೆ ಹೋಗಿ, ಅವಳ ಅತ್ತೆಯ ಕಾಲ ಬಳಿ ಕೂತು, ಹುರುಳಿಕಾಯಿ ಬಿಡಿಸಿಕೊಡುತ್ತಾ ಒಪ್ಪಿಸಿದವಳೂ ನಾನೇ. ಆ ಅತ್ತೆ ಸರ್ಕಾರದ ನೂರು ದಿನದ ಕೂಲಿ ಕೆಲಸಕ್ಕೆ ಹೋಗುವವರು, ಮಾತು ಕಡಿಮೆ, ಆಡಿದರೆ ತಿರುಗಿಸುವವರಿಲ್ಲ. ನಾನು ಅವರನ್ನು ದೊಡ್ಡಮ್ಮ ಅಂತಲೇ ಕರೆಯುತ್ತೇನೆ.

ಹುಡುಗಿಯ ಪಾಲಿಗೆ ಬಂದ ಮನೆಗಳಲ್ಲಿ ಒಂದು ಕೆರೆಯಾಚೆಯ ಹಟ್ಟಿಯಲ್ಲಿತ್ತು. ಅಲ್ಲಿ ಒಬ್ಬ ತಾತ. ಹೊಗೆನಕಲ್ಲಿನಲ್ಲಿ ವಯಸ್ಸಿಡೀ ಪರಿಸಲು ಹಾಕಿದವರು. ಆ ದುಂಡು ದೋಣಿಯ ಹುಟ್ಟು ಹಿಡಿದ ಬಲಗೈಯೇ ಲಕ್ವ ಹೊಡೆದು ಬಿದ್ದುಹೋಗಿತ್ತು. ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ ಬಿಟ್ಟರೆ ಬೇರೆ ಯಾರೂ ಇಲ್ಲ. ಹುಡುಗಿ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹೋಗಿ ಆ ಕೈಯನ್ನು ನೀವುತ್ತಿದ್ದಳು. ಆರು ತಿಂಗಳಾದ ಮೇಲೆ ಒಂದು ಸಂಜೆ ತಾತ ಚಮಚವನ್ನು ಬಲಗೈಯಲ್ಲಿ ಹಿಡಿದರು. ಬಾಯಿಗೆ ಮುಟ್ಟಲಿಲ್ಲ, ಮಡಿಲಿಗೆ ಚೆಲ್ಲಿತು. ಆದರೆ ಹಿಡಿದರು. ಅವಳು ಓಡಿ ಬಂದು ನನಗೆ ಹೇಳಿದಾಗ ಸೆರಗಿನ ಮೇಲೆಲ್ಲ ಗಂಜಿ.

ಹಟ್ಟಿಗೆ ಹತ್ತಿರದ ದಾರಿ ಕೆರೆ ಏರಿಯ ಮೇಲಿನದು. ಪಂಪ್‌ಸೆಟ್ಟಿಗೆ ಕರೆಂಟು ಹೋಗುವ ಕಂಬಗಳು ಉದ್ದಕ್ಕೂ ಇವೆ, ಒಂದರಲ್ಲೂ ದೀಪ ಇರಲಿಲ್ಲ. ಹೊತ್ತು ಇಳಿಯುವಾಗ ತೂಬಿನ ಹತ್ತಿರ ಗಂಡಸರು ಬಾಟಲಿ ಇಟ್ಟುಕೊಂಡು ಕೂರುತ್ತಿದ್ದರು. ಒಂದು ಸಂಜೆ ಅವರಲ್ಲೊಬ್ಬ ಅವಳ ಬ್ಯಾಗಿನ ಪಟ್ಟಿ ಹಿಡಿದು ಎಳೆದ. ಅವಳು ಬ್ಯಾಗು ಬಿಡಲಿಲ್ಲ. ಒಳಗಿದ್ದ ಔಷಧಿ ಸೀಸೆ ಒಡೆಯಿತು. ನನ್ನ ಬಾಗಿಲಿಗೆ ಬಂದಾಗ ಮೈಯೆಲ್ಲ ಆಸ್ಪತ್ರೆ ವಾಸನೆ. ಊರ ಹಿರಿಯರು ಕರೆಸಿ, ಅವನ ಕೈಲಿ ಹೊಸ ಸೀಸೆ ಕೊಡಿಸಿ ಮುಗಿಸೋಣ ಅಂದರು. ಸೀಸೆ ಆಫೀಸಿನವರೇ ಕೊಡುತ್ತಾರೆ ಅಂದಳು ಹುಡುಗಿ. ಇಬ್ಬರೂ ಸ್ಟೇಷನ್ನಿಗೆ ಹೋಗಿ ಬರೆದುಕೊಟ್ಟೆವು, ರಸೀದಿ ಇಸಿದುಕೊಂಡೆವು. ಪೊಲೀಸರು ಅವನನ್ನು ಕರೆದು ಬಿಸಿ ಮುಟ್ಟಿಸಿದರು. ಅವನು ಆ ಕಡೆ ಬರುವುದು ಬಿಟ್ಟ. ಕತ್ತಲೆ ಎಲ್ಲಿ ಬಿಡುತ್ತದೆ, ಉಳಿದವರು ಅಲ್ಲೇ ಕೂತರು.

ದೊಡ್ಡಮ್ಮ ಅವತ್ತೇ ತೀರ್ಮಾನ ಹೇಳಿಬಿಟ್ಟರು. "ಲೈಟು ಬರಗಂಟ ಸಂಜೆ ಕೆಲ್ಸ ಬ್ಯಾಡ."

ಸಂಜೆ ಹೋಗದಿದ್ದರೆ ಕೆಲಸವೇ ಉಳಿಯುವುದಿಲ್ಲ ದೊಡ್ಡಮ್ಮಾ ಅಂದೆ.

"ಓಗ್ಲಿ. ಕೆಲ್ಸ ಇನ್ನೊಂದು ಸಿಕ್ತೈತೆ. ನಂಗೆ ಇರಾದು ಒಬ್ಳೇ ಸೊಸೆ."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಸಂಜೆ ಸರದಿ ನಾನು ತೆಗೆದುಕೊಂಡೆ. ಏರಿ ಬಿಟ್ಟು ಟಾರು ರೋಡಿನಲ್ಲಿ ಸುತ್ತಿ ಹೋಗಬೇಕು, ಮೂರು ಪಟ್ಟು ದಾರಿ, ನನ್ನ ಮಂಡಿಯ ನೋವು ಬೇರೆ. ನಾನು ಮುಟ್ಟುವ ಹೊತ್ತಿಗೆ ತಾತನಿಗೆ ತೂಕಡಿಕೆ, ಕೈ ಆಡಿಸಲು ಮನಸ್ಸು ಬರುತ್ತಿರಲಿಲ್ಲ. ಚಮಚ ಮತ್ತೆ ಅಜ್ಜಿಯ ಕೈಗೆ ಹೋಯಿತು. ನಮ್ಮ ಮೇಲಿನ ಮೇಡಂ ಒಳ್ಳೆಯವರೇ, ಆದರೂ ಪೊಂಗಲ್‌ವರೆಗೆ ನೋಡುತ್ತೇನೆ, ಆಮೇಲೂ ಅವಳು ಎರಡು ಹೊತ್ತು ಬರದಿದ್ದರೆ ಬೇರೆಯವರನ್ನು ಹಾಕಲೇಬೇಕು ಅಂದರು.

ಆಗಸ್ಟ್ ಹದಿನೈದರ ಗ್ರಾಮಸಭೆಯಲ್ಲಿ ಎದ್ದು ನಿಂತು, ಏರಿಗೆ ದೀಪ ಬೇಕು ಅಂತ ಕೇಳಿದೆವು. ಪಂಚಾಯತಿ ಕ್ಲರ್ಕು ತಲೆಯಾಡಿಸಿ ಬರೆದುಕೊಂಡೆ ಅಂದರು. ನಾವು ಚಪ್ಪಾಳೆ ತಟ್ಟಿ ಮನೆಗೆ ಹೋದೆವು. ಅಕ್ಟೋಬರ್ ಎರಡರ ಸಭೆಯಲ್ಲಿ ಆ ಲೈಟು ಏನಾಯಿತು ಅಂತ ಕೇಳಿದಾಗ ಅವರು ಪುಟ ತಿರುವಿದರು, ಮತ್ತೆ ತಿರುವಿದರು, ಕೊನೆಗೆ ಪುಸ್ತಕವನ್ನು ನನ್ನ ಕಡೆಗೇ ನೂಕಿದರು. ನಾನು ತಮಿಳಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಗಟ್ಟಿಯಾಗಿ ಓದಿದೆ. ಕೆರೆ ಏರಿಯ ಮಾತು ಎಲ್ಲೂ ಇರಲಿಲ್ಲ. ಊರಿನ ಬೀದಿ ದೀಪಗಳೆಲ್ಲ ಚೆನ್ನಾಗಿ ಉರಿಯುತ್ತಿವೆ ಎಂದು ಸಭೆ ಒಪ್ಪಿತು ಅಂತ ಇತ್ತು. ಕೆಳಗೆ ನನ್ನ ರುಜು, ಬಾಲ ಎಳೆದು ಚೆಂದವಾಗಿ ಹಾಕಿದ್ದು. ಅದರ ಕೆಳಗೆ ದೊಡ್ಡಮ್ಮನ ಹೆಬ್ಬೆಟ್ಟು.

ಕ್ಲರ್ಕಿಗೆ ನಮ್ಮ ಮೇಲೇನೂ ಹಗೆ ಇರಲಿಲ್ಲ. ಎರಡು ಪಂಚಾಯತಿ ಕೆಲಸ ಒಬ್ಬರೇ ನೋಡುತ್ತಿದ್ದರು. ಹಿಂದಿನ ಸಭೆಯ ಬರಹ ನೋಡಿಕೊಂಡು ಮುಂದಿನದನ್ನು ಮೊದಲೇ ಬರೆದಿಡುವುದು ಅವರ ರೂಢಿ. ಅವರ ಮುಖ ಸಣ್ಣಗಾಯಿತು. ನನ್ನ ಮುಖ ಅದಕ್ಕಿಂತ ಸಣ್ಣಗಾಯಿತು, ಯಾಕೆಂದರೆ ಅವತ್ತಿನ ರುಜುವನ್ನೂ ಹಾಕಿ, ಟೀ ಕುಡಿದು, ಬಿಸ್ಕತ್ತು ಮುಗಿಸಿ ಆಗಿತ್ತು.

ದೊಡ್ಡಮ್ಮ ಎದ್ದು ಬಂದು ಪುಸ್ತಕದ ಮೇಲೆ ಬಗ್ಗಿದರು. "ಇದು ನನ್ ಬೆಟ್ಟೇನಾ?" ಅಂತ ಕೇಳಿದರು. ಹೂಂ ಅಂದೆ. ಆ ಗುರುತನ್ನೂ ತಮ್ಮ ಬೆರಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು.

"ನನ್ ಕಣ್ಣು ಕತ್ಲೆ ಅಂತೈತೆ. ನನ್ ಬೆಟ್ಟು ಬೆಳಕೈತೆ ಅಂತ ಯೋಳ್ಬುಟ್ಟೈತಲ್ಲಮ್ಮಿ."

ಮಾರನೆಯ ದಿನದಿಂದ ನೂರು ದಿನದ ಕೆಲಸದ ಜಾಗದಲ್ಲಿ, ಮಣ್ಣು ಹೊರುತ್ತಾ, ನೀರು ಕುಡಿಯಲು ಕೂತಾಗ, ಅವರು ಒಬ್ಬೊಬ್ಬರಿಗೂ ಇದನ್ನೇ ಹೇಳಿದರಂತೆ. ಸಭೆಗೆ ಇಷ್ಟು ಜನರ ರುಜು ಬಿದ್ದರೆ ಮಾತ್ರ ಸಭೆ ನಡೆದ ಹಾಗೆ ಲೆಕ್ಕ, ಆ ರುಜುಗಳಲ್ಲಿ ಹೆಚ್ಚಿನವು ನಮ್ಮವೇ ಅನ್ನುವುದನ್ನು ನಾನು ಹೇಳಿದೆ. ಏನು ಮಾಡಬೇಕು ಅಂತ ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ನವೆಂಬರ್ ಒಂದು. ಹೆಂಗಸರು ಬಂದರು, ಮೇಜನ್ನು ದಾಟಿ ಹೋದರು, ಟಾರ್ಪಾಲಿನ ಮೇಲೆ ಕೂತರು. ಕ್ಲರ್ಕು ಪೆನ್ನು ಹಿಡಿದುಕೊಂಡು "ಕೈಯೆಳುತ್ತು ಪೋಡುಂಗಮ್ಮಾ" ಅಂತ ಎರಡು ಸಲ ಕರೆದರು. ರುಜು ಹಾಕಲು ಯಾರೂ ಏಳಲಿಲ್ಲ. ಟೀ ತಟ್ಟೆ ಸುತ್ತಿ ಬಂತು, ಯಾರೂ ಲೋಟ ಮುಟ್ಟಲಿಲ್ಲ. ಕಾಂಪೌಂಡಿನ ಮೇಲೆ ಕೂತಿದ್ದ ಗಂಡಸರಲ್ಲಿ ಒಬ್ಬ, ಟೀ ಆರೋಗ್ತೈತೆ, ಒತ್ತಿ ಕುಡೀರಿ ಅಂತ ನಕ್ಕ.

ದೊಡ್ಡಮ್ಮ ಮುಂದಿನ ಸಾಲಿನಲ್ಲಿದ್ದರು. ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿ, ಮುಷ್ಟಿಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ಪಕ್ಕದವರು ಅದನ್ನು ನೋಡಿ ತಾವೂ ಹಾಗೇ ಮಾಡಿದರು. ಹಿಂದಕ್ಕೆ ತಿರುಗಿ ನೋಡಿದೆ. ಮರದ ಬುಡದಿಂದ ಗೇಟಿನವರೆಗೆ ಒಂದು ಬೆರಳೂ ಕಾಣಿಸುತ್ತಿರಲಿಲ್ಲ.

"ಮದ್ಲು ಬರಿ," ಅಂದರು ದೊಡ್ಡಮ್ಮ. "ಬರ್ದಿದ್ನ ಓದು. ಆಮ್ಯಾಕೆ ಬೆಟ್ಟು."

ಪಂಚಾಯತಿ ಪ್ರೆಸಿಡೆಂಟು ತಮಾಷೆ ಮಾಡಿ ತಿಳಿಯಾಗಿಸಲು ನೋಡಿದರು. "ಏನಜ್ಜೀ, ಬೆಟ್ಟೇನು ಓಡೋಗ್ತೈತಾ?"

"ಓಡೋಗ್ತೈತೆ ಕಣಪ್ಪಾ. ಎಲ್ಡು ಸಲ ಓಡೋಗೈತೆ."

ಕಾಂಪೌಂಡಿನ ಮೇಲಿದ್ದವರೂ ನಕ್ಕುಬಿಟ್ಟರು, ಈ ಸಲ ನಮ್ಮ ಪರವಾಗಿ. ಬ್ಲಾಕ್ ಆಫೀಸಿನಿಂದ ಸಭೆ ನೋಡಲು ಬಂದಿದ್ದ ಆಫೀಸರಮ್ಮ ಗಡಿಯಾರ ನೋಡಿಕೊಂಡರು, ಖಾಲಿ ಪುಟ ನೋಡಿದರು, ಇಲ್ಲೇ ಬರೆಯಿರಿ ಸಾರ್ ಅಂದರು. ಕ್ಲರ್ಕು ಬರೆದು ಓದಿದರು: ಕೆರೆ ಏರಿ ದಾರಿಗೆ ದೀಪ ಹಾಕಿಸಬೇಕು.

"ಎಷ್ಟು?" ಅಂದರು ದೊಡ್ಡಮ್ಮ.

ಅದನ್ನೆಲ್ಲ ಆಮೇಲೆ ನೋಡಿಕೊಳ್ಳುತ್ತೇವೆ ಅಂದರು ಕ್ಲರ್ಕು. ದೊಡ್ಡಮ್ಮ ಎಡಗೈಯಿಂದ ಸೊಂಟದ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದರು. ಬೆಣಚುಕಲ್ಲಿನ ಚೂರುಗಳು, ಒಂಬತ್ತು. ಬೆಳಿಗ್ಗೆ ಏರಿಯ ಮೇಲೆ ನಡೆದು ಕಂಬಕ್ಕೊಂದರಂತೆ ಆರಿಸಿಕೊಂಡು ಬಂದಿದ್ದರು. ಬರೀ ಲೈಟು ಅಂತ ಬರೆದರೆ ಒಂದು ಹಾಕಿ ಹೋಗುತ್ತಾರೆ ಅನ್ನುವುದು ಅವರ ಲೆಕ್ಕ. ನನಗೆ ಅದು ಹೊಳೆದಿರಲೇ ಇಲ್ಲ. ಕ್ಲರ್ಕು ಕಲ್ಲುಗಳನ್ನು ಬೆರಳಲ್ಲಿ ಸರಿಸಿ ಎಣಿಸಿ, ಒಂಬತ್ತು ಕಂಬ ಅಂತ ಸೇರಿಸಿದರು. ತೂಬಿನಿಂದ ಹಟ್ಟಿಯವರೆಗೆ ಅಂತ ನಾನು ಸೇರಿಸಿದೆ. ಪೊಂಗಲ್ ಒಳಗೆ ಅಂತ ಹಿಂದಿನಿಂದ ಹುಡುಗಿಯ ಧ್ವನಿ ಬಂತು. ಅದಕ್ಕೆ ಪ್ರೆಸಿಡೆಂಟು ಸ್ವಲ್ಪ ಹಿಂದೆಮುಂದೆ ನೋಡಿ, ಸರಿ, ಅದನ್ನೂ ಬರೆಯಿರಿ ಅಂದರು. ಪೂರ್ತಿ ಇನ್ನೊಂದು ಸಲ ಓದಿಸಿದೆವು. ಆಮೇಲೆ ದೊಡ್ಡಮ್ಮ ಮುಷ್ಟಿ ಬಿಚ್ಚಿದರು.

ಅವರ ಹಿಂದೆ ಸಾಲು ನಿಂತಿತು. ಮಸಿ ಒಣಗಿ ಎರಡು ಸಲ ನೀರು ಚಿಮುಕಿಸಬೇಕಾಯಿತು. ಆರಿದ ಟೀಯನ್ನು ಎಲ್ಲರೂ ಕುಡಿದೆವು. ಕೆನೆ ಕಟ್ಟಿತ್ತು, ಆದರೂ ಒಂದು ಲೋಟವೂ ಉಳಿಯಲಿಲ್ಲ.

ಪೊಂಗಲಿಗೆ ಎಂಟು ದಿನ ಇರುವಾಗ ಏಣಿ ಹೊತ್ತ ಗಾಡಿ ಬಂತು. ಎರಡು ದಿನದ ಕೆಲಸ. ಎರಡನೆಯ ಸಂಜೆ ಸ್ವಿಚ್ಚು ಹಾಕುವ ಹೊತ್ತಿಗೆ ನಾವು ಮೂವರೂ ತೂಬಿನ ಹತ್ತಿರ ಇದ್ದೆವು. ಆಕಾಶ ಇನ್ನೂ ಕೆಂಪಗಿತ್ತು, ಬೆಳಕು ಮೊದಲು ಗೊತ್ತೇ ಆಗಲಿಲ್ಲ. ಆಮೇಲೆ ನೀರಿನಲ್ಲಿ ಕಂಡಿತು, ಒಂದರ ಪಕ್ಕ ಒಂದು. ದೊಡ್ಡಮ್ಮ ಮುಂದೆ ನಡೆದರು, ಕಂಬ ಕಂಬಕ್ಕೂ ನಿಂತು ತಲೆ ಎತ್ತಿ ಎಣಿಸಿದರು. ಎಂಟನೆಯದು ಉರಿಯುತ್ತಿರಲಿಲ್ಲ. ಇನ್ನೂ ಏಣಿ ಕಟ್ಟುತ್ತಿದ್ದ ಲೈನ್‌ಮ್ಯಾನನ್ನು ಕೂಗಿ ವಾಪಸ್ಸು ಕರೆದು, ಅವನು ಹತ್ತಿ ತಿರುಗಿಸಿ ಹೊತ್ತಿಸುವ ತನಕ ಕೆಳಗೇ ನಿಂತರು. ಬಾಟಲಿಯವರು ಆ ಸಂಜೆ ಬಂದು ಕೂತರು, ಬೆಳಕಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಎದ್ದು ಹೋದರು. ಮತ್ತೆ ಅಲ್ಲಿ ಕೂತದ್ದನ್ನು ನಾನು ಕಂಡಿಲ್ಲ.

ಒಂಬತ್ತನೆಯ ಕಂಬದ ಕೆಳಗೆ ದೊಡ್ಡಮ್ಮ ಸೊಸೆಯ ಬ್ಯಾಗನ್ನು ತಮ್ಮ ಹೆಗಲಿನಿಂದ ಇಳಿಸಿ ಅವಳಿಗೆ ಕೊಟ್ಟರು. ಅಷ್ಟು ದೂರ ಅವರೇ ಹೊತ್ತು ತಂದಿದ್ದಾರೆ ಅನ್ನುವುದನ್ನು ನಾನು ಆಗಲೇ ಗಮನಿಸಿದ್ದು.

"ಓಗು. ಒತ್ತಾಯ್ತು. ತಾತ ಕಾಯ್ತೈತೆ."

ಈಗ ನಮ್ಮ ಸಭೆಯಲ್ಲಿ ಮಸಿಡಬ್ಬಿ ಮೇಜಿಗೆ ಬರುವುದು ಕೊನೆಗೆ. ಹೇಳಿಸಿಕೊಳ್ಳದೆ ಕ್ಲರ್ಕೇ ಓದುತ್ತಾರೆ, ಗಂಟಲು ಸರಿಮಾಡಿಕೊಂಡು, ನಿಧಾನವಾಗಿ. ಮೇ ಒಂದರ ಸಭೆಯಲ್ಲಿ ನಾವಿಬ್ಬರೂ ಎದ್ದು, ನಮಗೆ ಕೊಡುವುದನ್ನು ಸಂಬಳ ಅಂತ ಕರೆದು ಸಂಬಳದ ಹಾಗೆ ಕೊಡಬೇಕು ಅಂತ ಬರೆಸಿದೆವು. ಅದು ಪಂಚಾಯತಿ ಕೈಯಲ್ಲಿಲ್ಲ, ಮೇಲಕ್ಕೆ ಕಳಿಸುತ್ತೇವೆ ಅಂದರು. ಕಳಿಸಿದ ಕಾಗದದ ನಕಲನ್ನು ಇಸಿದುಕೊಂಡಿದ್ದೇನೆ, ಸ್ಟೇಷನ್ನಿನ ರಸೀದಿಯ ಜೊತೆ ಅಕ್ಕಿ ಡಬ್ಬದ ಮೇಲಿನ ಚೀಲದಲ್ಲಿದೆ. ಅವತ್ತೂ ಮೊದಲು ಬೆಟ್ಟು ಒತ್ತಿದವರು ದೊಡ್ಡಮ್ಮ. ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಬಿಸಿ ಟೀ ಲೋಟ ತೆಗೆದುಕೊಂಡು ಮರದ ಕೆಳಗೆ ಕೂತರು.

ಆ ಸಂಜೆ ಹುಡುಗಿ ಹಟ್ಟಿಯಿಂದ ನೇರ ನನ್ನ ಮನೆಗೆ ಬಂದಳು. ತಾತ ಇಡೀ ಬಟ್ಟಲು ಗಂಜಿ ಬಲಗೈಯಲ್ಲೇ ಮುಗಿಸಿದರಂತೆ. ಸೆರಗು ನೋಡಿದೆ, ಒಂದು ಹನಿಯೂ ಬಿದ್ದಿರಲಿಲ್ಲ.