ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು

ಆಗ ಟ್ರುಗನಿನಾದ ನಮ್ಮ ಬೀದಿಯಲ್ಲಿ ನೆಟ್ಟಿದ್ದ ಮರಗಳು ನನ್ನಷ್ಟೂ ಎತ್ತರ ಇರಲಿಲ್ಲ. ಬೀದಿ ಮುಗಿದಲ್ಲಿ ಖಾಲಿ ಹೊಲ, ಹೊಲದಾಚೆ ಗೋದಾಮುಗಳು, ಗೋದಾಮುಗಳ ಮುಂದೆ ಯಾವಾಗಲೂ ಲಾರಿಗಳ ಸಾಲು. ಮೆಲ್ಬರ್ನ್‌ನ ಪಶ್ಚಿಮದ ಸಬರ್ಬುಗಳಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ನೆನಪಿರಬಹುದು, ಜುಲೈ ರಜೆ ಎಂದರೆ ಚಳಿ, ಗಾಳಿ, ಹೀಟರಿನ ಮುಂದೆ ಕೂತು ಹುರಿದ ಶೇಂಗಾ ತಿನ್ನುವುದು. ರಜೆ ಮುಗಿದು ಕ್ಲಾಸಿಗೆ ಹೋದಾಗ ಬೇರೆ ಮಕ್ಕಳು ಬಾಲಿ, ಫಿಜಿ ಎಂದು ಹೇಳಿಕೊಳ್ಳುತ್ತಿದ್ದರೆ ನಾನು ಪೆನ್ಸಿಲ್ ಚೂಪು ಮಾಡುತ್ತ ಕೂರುತ್ತಿದ್ದೆ. ಐದನೇ ಕ್ಲಾಸಿನ ವರ್ಷ ಮಾತ್ರ ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ಆ ವರ್ಷ ನನ್ನ ಅವ್ವ ಸ್ಪೇನಿನ ಬೆಟ್ಟದ ಮೇಲಿನ ಹಳ್ಳಿಗೆ ತಾನೇ ಕಾರು ಓಡಿಸಿಕೊಂಡು ಹೋಗಿದ್ದಳು.

ಅದರಲ್ಲೇನು ಮಹಾ ಎನ್ನುವವರಿಗೆ ಅವ್ವನ ವಿಷಯ ಹೇಳಬೇಕು. ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಅವಳು ನನ್ನ ಅಜ್ಜನ ಹಳೇ ಜೀಪನ್ನು ಎರೆಮಣ್ಣಿನ ಕೆಸರಿನಲ್ಲಿ ಓಡಿಸಿದವಳು. ಮೆಲ್ಬರ್ನ್‌ಗೆ ಬಂದು ಲೈಸನ್ಸ್ ಕೂಡ ಮಾಡಿಸಿಕೊಂಡಳು. ಆದರೆ ಒಂದು ಮಳೆಯ ಸಂಜೆ ರಿಂಗ್ ರೋಡಿನಲ್ಲಿ ಒಂದು ಲಾರಿ ಹಾರ್ನ್ ಹೊಡೆಯುತ್ತ ನಮ್ಮ ಕಾರಿಗೆ ಇನ್ನೇನು ತಾಗಿತು ಎನ್ನುವಷ್ಟು ಹತ್ತಿರ ಹಾದುಹೋಯಿತು. ಏನೂ ಆಗಲಿಲ್ಲ. ಅವ್ವ ಕಾರನ್ನು ಬದಿಗೆ ನಿಲ್ಲಿಸಿ ಅಪ್ಪನಿಗೆ ಫೋನ್ ಮಾಡಿದಳು, ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಊರಿನ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವಳು ಇಲ್ಲಿಯ ಪರೀಕ್ಷೆಗಳನ್ನೆಲ್ಲ ಮುಗಿಸಿದ್ದಳು, ಕೊನೆಗೂ ಒಂದು ಶಾಲೆಯವರು ಅವಳನ್ನು ಕೆಲಸಕ್ಕೆ ಕರೆದಿದ್ದರು. ಶಾಲೆ ಇದ್ದದ್ದು ಬಸ್ಸು ಹೋಗದ ಜಾಗದಲ್ಲಿ, ಅದೇ ರಿಂಗ್ ರೋಡಿನ ಆಚೆ. ಜುಲೈ ರಜೆ ಮುಗಿಯುವುದರೊಳಗೆ ಬರುತ್ತೀರೋ ಇಲ್ಲವೋ ಹೇಳಿ ಎಂದಿದ್ದರು. ಬರ್ತ್‌ಡೇ ಪಾರ್ಟಿಗಳಲ್ಲಿ ಯಾವಳಾದರೂ ಆಂಟಿ, "ಹಾಗಾದ್ರೆ ನಿಮ್ಮನ್ನ ಡೈಲಿ ಯಾರು ಡ್ರಾಪ್ ಮಾಡ್ತಾರೆ?" ಎಂದು ಕೇಳಿದರೆ ಅವ್ವ ಸುಮ್ಮನೆ ನಗುತ್ತಿದ್ದಳು. ಆ ನಗು ನನಗೆ ಸ್ವಲ್ಪವೂ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಅಪ್ಪನನ್ನು ಆಫೀಸಿನವರು ಸ್ಪೇನಿನ ದಕ್ಷಿಣಕ್ಕೆ, ಮಾಲಗಾ ಎಂಬ ಊರಿಗೆ ಕಳಿಸಿದರು. ರಜೆಗೆ ನಾನೂ ಅವ್ವನೂ ಅಲ್ಲಿಗೆ ಹೊರಟೆವು. ಅವ್ವನ ಬ್ಯಾಗಿನ ಅರ್ಧ ಭಾಗ ಹಳೇ ಧೋತರದಲ್ಲಿ ಸುತ್ತಿದ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ. ಚಳಿಗಾಲದಲ್ಲಿ ವಿಮಾನ ಹತ್ತಿ ಬೇಸಿಗೆಯಲ್ಲಿ ಇಳಿದದ್ದೇ ನನಗೆ ಮೊದಲ ಸೋಜಿಗ. ಸಮುದ್ರದ ದಂಡೆಯ ಊರುಗಳಲ್ಲಿ ಹಳೇ ದೋಣಿಗೆ ಮರಳು ತುಂಬಿ, ಅದರಲ್ಲಿ ಬೆಂಕಿ ಹಾಕಿ, ಕಡ್ಡಿಗೆ ಚುಚ್ಚಿದ ಮೀನು ಸುಡುತ್ತಿದ್ದರು. ಅಪ್ಪ, "ಮೂಗು ಮುಚ್ಚಿಕೊಂಡು ನಡೀರಿ," ಎನ್ನುತ್ತಿದ್ದ. ನಾನು ಬೆರಳ ಸಂದಿಯಿಂದ ಆ ಹೊಗೆ ಎಳೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕುತ್ತಿದ್ದವು. ನಾವು ಬೆಂಚಿನ ಮೇಲೆ ಕೂತು ರೊಟ್ಟಿ ಮುರಿದು ತಿನ್ನುತ್ತಿದ್ದೆವು, ಪಾರಿವಾಳಗಳು ಜೋಳದ ಚೂರಿಗೆ ಕಾಲಬಳಿ ಜಗಳವಾಡುತ್ತಿದ್ದವು.

ಎರಡನೆಯ ವಾರಕ್ಕೆಂದು ಅಪ್ಪ ಬೆಟ್ಟದ ಹಳ್ಳಿಯೊಂದರಲ್ಲಿ ಮನೆ ಬುಕ್ ಮಾಡಿದ್ದ. ಫೋಟೋದಲ್ಲಿ ಆ ಹಳ್ಳಿ ಬೆಟ್ಟದ ಹೆಗಲ ಮೇಲೆ ಯಾರೋ ಸುಣ್ಣದ ಡಬ್ಬಿ ಚೆಲ್ಲಿದ ಹಾಗಿತ್ತು. ಅಲ್ಲಿಗೆ ಹೋಗಲು ಬಾಡಿಗೆ ಕಾರು ತರಲು ಹೋದಾಗ ಕೌಂಟರಿನ ಹುಡುಗಿ ಇನ್ನೊಬ್ಬ ಡ್ರೈವರ್ ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. "ಪುಕ್ಕಟೆ ಐತಿ, ಇರ್ಲಿ," ಎಂದು ಅಪ್ಪ ಅವ್ವನ ಹೆಸರು ಹೇಳಿದ. ಅವ್ವ ಪರ್ಸಿನಿಂದ ಲೈಸನ್ಸ್ ತೆಗೆದುಕೊಟ್ಟಳು.

ಕಾರಿನ ಬಾಗಿಲು ತೆಗೆದ ಅಪ್ಪ ಅಲ್ಲೇ ನಿಂತ.

"ಇದಕ್ಕ ಗೇರ್ ಅದಾವಲ್ಲ."

ಹುಬ್ಬಳ್ಳಿಯಲ್ಲಿ ಅಪ್ಪ ಸ್ಕೂಟರ್ ಬಿಟ್ಟರೆ ಬೇರೇನೂ ಓಡಿಸಿದವನಲ್ಲ. ಕಾರು ಕಲಿತದ್ದು ಮೆಲ್ಬರ್ನ್‌ನಲ್ಲಿ, ಅದೂ ಆಟೊಮ್ಯಾಟಿಕ್. ಜಗತ್ತಿನ ಕಾರುಗಳೆಲ್ಲ ನಮ್ಮ ಗ್ಯಾರೇಜಿನ ಕಾರಿನ ಹಾಗೇ ಇರುತ್ತವೆ ಎಂದು ನಂಬಿ ಬುಕ್ ಮಾಡಿದ್ದ. ಬದಲಿಗೆ ಬೇರೆ ಕಾರು ಇರಲಿಲ್ಲ. "ಏನಾಗ್ತೈತಿ, ಕಲ್ತ್ರ ಆತು," ಎಂದು ಕೂತ.

ಹೊಸ ಗಾಡಿ ಹೊರಡುವ ಮುಂಚೆ ಗಾಲಿಗೆ ನಿಂಬೆಹಣ್ಣು ಇಡಬೇಕಲ್ಲ, ಬಾಡಿಗೆಯದಾದರೇನು. ಅವ್ವ ಎದುರಿನ ಅಂಗಡಿಯಿಂದ ನಾಲ್ಕು ಹಣ್ಣು ತಂದು ನಾಲ್ಕೂ ಗಾಲಿಯ ಕೆಳಗೆ ಇಟ್ಟಳು. ಹಣ್ಣು ಮಾರಿದ ಮುದುಕ ಓಡಿಬಂದು, ಉರುಳಿಹೋದವು ಎಂದುಕೊಂಡು, ಎಲ್ಲವನ್ನೂ ಹೆಕ್ಕಿ ಅಂಗಿಗೆ ಒರೆಸಿ ಅವ್ವನ ಕೈಗೆ ಕೊಟ್ಟ. ಅವ್ವ ಮತ್ತೆ ಇಟ್ಟಳು. ಅವನು ಮತ್ತೆ ಹೆಕ್ಕಿದ. ಕೊನೆಗೆ ನಾನು ಅವನ ಜೊತೆ ಮಾತಿಗೆ ನಿಂತು, ಇಂಗ್ಲಿಷಿನಲ್ಲಿ ಏನೇನೋ ಒದರುತ್ತ, ಅವ್ವನಿಗೆ ದಾರಿ ಮಾಡಿಕೊಟ್ಟೆ. ಅಪ್ಪ ಕಾರು ಬಿಟ್ಟ. ಹಣ್ಣು ಅರ್ಧ ಜಜ್ಜುವಷ್ಟರಲ್ಲಿ ಎಂಜಿನ್ ನಿಂತಿತು.

ಹಾಗೆ ನಿಲ್ಲುತ್ತ ಹೊರಡುತ್ತ ಊರಿನ ದೊಡ್ಡ ರೌಂಡ್‌ಅಬೌಟಿನವರೆಗೆ ಬಂದೆವು. ಅಲ್ಲಿ ನಿಂತದ್ದು ಹೊರಡಲೇ ಇಲ್ಲ. ಹಿಂದಿನಿಂದ ಹಾರ್ನ್ ಶುರುವಾಯಿತು. ಹಾರ್ನ್ ಕೇಳಿ ಅವ್ವ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡದ್ದು ನನಗೆ ಕಾಣಿಸುತ್ತಿತ್ತು. ಅಪ್ಪನ ಕುತ್ತಿಗೆಯೆಲ್ಲ ಬೆವರು.

"ಬ್ಯಾಡ ಬಿಡು. ಕ್ಯಾನ್ಸಲ್ ಮಾಡೂನು. ಇಲ್ಲೇ ಸಮುದ್ರ ನೋಡ್ಕೋತ ಇದ್ರಾತು," ಎಂದ.

"ಮಮ್ ಕ್ಯಾನ್ ಡ್ರೈವ್," ಎಂದೆ ನಾನು.

ಹಿಂದಿನಿಂದ ಹಾರ್ನ್ ಹೊಡೆಯುತ್ತಲೇ ಇತ್ತು. ಅವ್ವ ಹಿಂದೆ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಅಪ್ಪನಿಗೆ, "ಇಳೀರಿ," ಎಂದಳು.

"ಗೇರು ಬಲಗೈಯಾಗ ಐತಿ ಮತ್ತ. ನೀ ಜೀಪಿನಾಗ ಎಡಗೈಲೆ ಹಾಕ್ತಿದ್ದಿ."

"ರೊಟ್ಟಿ ಬಡಿಯೂ ಕೈ ಐತಿ, ಕಲೀತೈತಿ. ಇಳೀರಿ ನೀವು."

ಸ್ಪೇನಿನಲ್ಲಿ ರಸ್ತೆಯ ಬಲಕ್ಕೆ ಹೋಗಬೇಕು. ನಮ್ಮದು ಹುಟ್ಟಾ ಎಡಗಡೆಯ ರೂಢಿ. ಅವ್ವ ಕನ್ನಡಿಯಲ್ಲಿ ನನ್ನನ್ನು ನೋಡಿ, "ಮಗಳ, ಪ್ರತಿ ತಿರುವಿಗೆ ಬಲಕ್ಕ ಅಂತ ಒದರು," ಎಂದಳು. ಮನೆಯಲ್ಲಿ ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ನಾನು ಅವತ್ತು ಬೆಟ್ಟದ ಬುಡದಿಂದ ನೆತ್ತಿಯವರೆಗೆ "ಬಲಕ್ಕ, ಅವ್ವಾ, ಬಲಕ್ಕ" ಎಂದು ಗಂಟಲು ಕಟ್ಟುವವರೆಗೆ ಕೂಗಿದೆ. ಸಮುದ್ರ ಕೆಳಗೆ ಕೆಳಗೆ ಹೋಯಿತು. ಆಲಿವ್ ಮರಗಳು ಬಂದವು, ಆಮೇಲೆ ಬಾದಾಮಿ ಮರಗಳು, ಆಮೇಲೆ ಬರೀ ಕಲ್ಲು. ಕಿಟಕಿಯಿಂದ ಕಾದ ಮಣ್ಣಿನ ವಾಸನೆ ಬರುತ್ತಿತ್ತು.

ಒಂದು ಇಕ್ಕಟ್ಟಾದ ತಿರುವಿನಲ್ಲಿ ಮೇಲಿನಿಂದ ಲಾರಿ ಬಂತು. ಹಾರ್ನ್ ಹೊಡೆಯುತ್ತಲೇ ಬಂತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂದರ. ಎರಡು ಗಾಡಿ ಹಾಯುವಷ್ಟು ಜಾಗ ಇರಲಿಲ್ಲ. ಅವ್ವ ಬ್ರೇಕ್ ಹಾಕಿ ನಿಲ್ಲಿಸಿದಳು. ಅವಳ ಕಿವಿಯ ಹಿಂದಿನ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಅಪ್ಪ ಏನೋ ಹೇಳಲು ಬಾಯಿ ತೆಗೆದ.

"ಸುಮ್ನ ಕುಂದರ್ರಿ," ಎಂದಳು ಅವ್ವ.

ರಿವರ್ಸ್ ಹಾಕಿದಳು. ಇಳಿಜಾರಿನಲ್ಲಿ, ಹಿಂದಕ್ಕೆ ಕತ್ತು ತಿರುಗಿಸಿ, ನನ್ನ ತಲೆಯ ಮೇಲಿಂದ ನೋಡುತ್ತ, ರಸ್ತೆ ಅಗಲವಾಗುವ ಕಡೆಯವರೆಗೆ ನಿಧಾನವಾಗಿ ಕಾರನ್ನು ಇಳಿಸಿದಳು. ಅಷ್ಟು ಹತ್ತಿರದಿಂದ ನಾನು ಅವಳ ಕಣ್ಣು ನೋಡಿದ್ದು ಅವತ್ತೇ. ಅದರಲ್ಲಿ ಹೆದರಿಕೆ ಇತ್ತು, ಇಲ್ಲ ಎನ್ನುವುದಿಲ್ಲ. ಆದರೂ ಕಾರು ಗೆರೆ ಎಳೆದಂತೆ ಹೋಯಿತು. ಲಾರಿಯವನು ಹಾದುಹೋಗುತ್ತ ಹಣೆಗೆ ಕೈ ಮುಟ್ಟಿಸಿ ಸಲಾಮು ಹೊಡೆದ. ಅವ್ವ ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದು ಇಂಚೂ ಹಿಂದೆ ಜಾರಿಸದೆ ಏರು ಹತ್ತಿಸಿದಳು. "ನಮ್ಮಪ್ಪನ ಜೀಪಿಗಿಂತ ಹಗೂರ ಐತಿ," ಎಂದಷ್ಟೇ ಹೇಳಿದಳು. ನನ್ನ ಎದೆ ಉಬ್ಬಿಹೋಯಿತು. ಇಂದಿಗೂ ಆ ತಿರುವನ್ನು ನೆನೆಸಿಕೊಂಡರೆ ಹಾಗೇ ಆಗುತ್ತದೆ.

ಹಳ್ಳಿ ತಲುಪಿದಾಗ ನಡುಮಧ್ಯಾಹ್ನ, ಒಂದು ನರಪಿಳ್ಳೆಯೂ ಇರಲಿಲ್ಲ. ಬಿಳಿ ಗೋಡೆ, ಮುಚ್ಚಿದ ಬಾಗಿಲು, ಎಲ್ಲೋ ನೀರು ಬೀಳುವ ಸದ್ದು. ಊರೇ ಖಾಲಿಯಾಗಿದೆ ಎಂದುಕೊಂಡೆವು. ಬಿಸಿಲು ಇಳಿದ ಮೇಲೆ ನೋಡಿದರೆ ಪ್ರತಿ ಬಾಗಿಲಿನಿಂದ ಒಂದೊಂದು ಕುರ್ಚಿ ಹೊರಬಂತು, ಕುರ್ಚಿಗೊಬ್ಬರು ಅಜ್ಜಿ. ನಮ್ಮ ಮನೆಯ ಪಕ್ಕದವಳು ಪಾಕಾ ಅಜ್ಜಿ. ಅವಳ ಭಾಷೆ ನಮಗೆ ಬಾರದು, ನಮ್ಮದು ಅವಳಿಗೆ ಬಾರದು. ಮರುದಿನ ಅವಳು ಟೊಮೇಟೊ, ಬೆಳ್ಳುಳ್ಳಿ ಅರೆದು ಮಾಡಿದ ತಣ್ಣನೆಯ ಸಾರು ತಂದಳು, ಅವ್ವ ಅದಕ್ಕೆ ಕಡಕ್ ರೊಟ್ಟಿ ಮುರಿದು ಹಾಕಿ ಅವಳಿಗೇ ಒಂದು ಬಟ್ಟಲು ಕೊಟ್ಟಳು. ಬಟ್ಟಲು ಖಾಲಿಯಾಗಿ ವಾಪಸು ಬಂತು, ಜೊತೆಗೆ ಮುಡಿಯಲು ಮಲ್ಲಿಗೆ. ನಾನು ಅವಳ ಮೊಮ್ಮಗಳಿಗೆ ಆ ಇಳಿಜಾರು ಓಣಿಯಲ್ಲಿ ಸೀಮೆಸುಣ್ಣದ ಗೆರೆ ಹಾಕಿ ಕುಂಟಾಬಿಲ್ಲೆ ಕಲಿಸಿದೆ. ಬಿಲ್ಲೆ ಯಾವಾಗಲೂ ಕೆಳಗೆ ಉರುಳಿ ಓಣಿ ಮುಗಿಯುವಲ್ಲಿದ್ದ ಕಾರಂಜಿಯ ಹತ್ತಿರ ಸಿಗುತ್ತಿತ್ತು.

ಅಕ್ಕಪಕ್ಕದ ಹಳ್ಳಿಗಳಿಗೆ ಹೊರಡುವಾಗಲೆಲ್ಲ ಅವ್ವ ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದಳು. ಪಾಕಾ ಅಜ್ಜಿ ಅದನ್ನು ಕಂಡು ಬೆರಳು ಆಡಿಸಿ ಬೈಯುತ್ತಿದ್ದಳು. ತಿನ್ನುವ ಹಣ್ಣು ಹಾಳು ಮಾಡುತ್ತೀಯಲ್ಲ ಎಂದು ಅದರ ಅರ್ಥವಿರಬೇಕು. ಅವ್ವ ಒಂದು ದಿನ ಅವಳ ಕೈ ಹಿಡಿದು ಕಾರಿನ ಹತ್ತಿರ ಕರೆದುಕೊಂಡು ಹೋದಳು. ಕೆಳಗಿನ ಕಂದರ ತೋರಿಸಿದಳು, ನನ್ನನ್ನು ತೋರಿಸಿದಳು, ತನ್ನ ಎದೆ ಮುಟ್ಟಿಕೊಂಡಳು, ಕೈ ಮುಗಿದಳು. ಪಾಕಾ ಅಜ್ಜಿ ಕಂದರವನ್ನೂ ನನ್ನನ್ನೂ ನೋಡಿ ಒಳಗೆ ಹೋದಳು.

ಹೊರಡುವ ದಿನ ಬೆಳಿಗ್ಗೆ ಕಾರಿನ ಹತ್ತಿರ ಬಂದರೆ ನಾಲ್ಕೂ ಗಾಲಿಗೆ ಆಗಲೇ ನಿಂಬೆಹಣ್ಣು ಇದ್ದವು. ಎಲೆ ಸಮೇತ ಕಿತ್ತ ದೊಡ್ಡ ಹಣ್ಣುಗಳು. ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು, ಹಿಂದಕ್ಕೆ ತೆಗೆಯಬೇಕಿತ್ತು. ಹಣ್ಣುಗಳೂ ಗಾಲಿಯ ಹಿಂದೆಯೇ ಇದ್ದವು. ಪಾಕಾ ಅಜ್ಜಿ ಕುರ್ಚಿಯಲ್ಲಿ ಕೂತು ಬೇರೆ ಕಡೆ ನೋಡುತ್ತಿದ್ದಳು. ಅವ್ವ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿ, ಬಂದು ಕೂತು, ರಿವರ್ಸ್ ಹಾಕಿದಳು. ನಾಲ್ಕೂ ಹಣ್ಣು ಒಡೆದು ಓಣಿಯೆಲ್ಲ ಘಮಘಮ ಎಂದಿತು.

ಮೆಲ್ಬರ್ನ್‌ಗೆ ಬಂದ ಮರುದಿನವೇ ಅವ್ವ ಶಾಲೆಗೆ ಫೋನ್ ಮಾಡಿ ಬರುತ್ತೇನೆ ಎಂದಳು. ಗೇರಿನ ಹಳೇ ಕಾರೊಂದನ್ನು ಹಟ ಮಾಡಿ ಕೊಂಡಳು. ಅದನ್ನು ತಂದ ಮೊದಲ ದಿನ ರಿಂಗ್ ರೋಡಿನಲ್ಲಿ ಲಾರಿಯೊಂದು ಪಕ್ಕಕ್ಕೆ ಬಂದಾಗ ಹಿಂದೆ ಕೂತ ನಾನು ಉಸಿರು ಹಿಡಿದೆ. ಅವ್ವ ಗೇರು ಬದಲಿಸಿದಳು, ಮುಂದೆ ಹೋದಳು. ಆಮೇಲೆ ಪಾರ್ಟಿಗಳಿಂದ ಆಂಟಿಯರನ್ನು ಮನೆಗೆ ಡ್ರಾಪ್ ಮಾಡಿದವಳು ನನ್ನ ಅವ್ವ.

ಈಗ ಆ ಬೀದಿಯ ಮರಗಳು ಮನೆಗಿಂತ ಎತ್ತರ ಬೆಳೆದಿವೆ. ಖಾಲಿ ಹೊಲದ ಗುರುತೂ ಇಲ್ಲ. ಪಾಕಾ ಅಜ್ಜಿಯ ಕುರ್ಚಿ ಈಗ ಹೊರಗೆ ಬರುವುದಿಲ್ಲವೇನೋ. ಅವ್ವನ ಗೇರಿನ ಕಾರನ್ನು ಹೋದ ವರ್ಷ ಗುಜರಿಯವರು ಎಳೆದುಕೊಂಡು ಹೋದರು, ಅವತ್ತು ಅವಳು ಬಾಗಿಲಿಗೆ ಬರಲೇ ಇಲ್ಲ. ನಾನೀಗ ಸಿಡ್ನಿಯಲ್ಲಿದ್ದೇನೆ, ನಾರ್ತ್ ಸಿಡ್ನಿಯ ಆಫೀಸಿಗೆ ಹೋಗುತ್ತೇನೆ. ನನ್ನ ಕಾರು ಕರೆಂಟಿನದು, ಸದ್ದಿಲ್ಲ, ಗೇರಿಲ್ಲ, ಬಲಕ್ಕೆ ಎಡಕ್ಕೆ ಎಂದು ಹೇಳುವುದೂ ಅದೇ. ಹಿಂದಿನ ಸೀಟಿನಿಂದ ಯಾರೂ ಕೂಗಬೇಕಾಗಿಲ್ಲ.

ಕಳೆದ ತಿಂಗಳು ಅವ್ವ ಬಂದಿದ್ದಳು. ಅವಳನ್ನು ಬ್ಲೂ ಮೌಂಟನ್ಸ್‌ಗೆ ಕರೆದುಕೊಂಡು ಹೋದೆ. ಗಾಲಿಗೆ ನಿಂಬೆಹಣ್ಣು ಇಟ್ಟೇ ಹೊರಟೆವು. "ಇದ್ರಾಗ ಮಾಡಾಕ ಏನೂ ಕೆಲಸಾನ ಇಲ್ಲಲ್ಲ ಮಗಳ," ಎಂದು ಪಕ್ಕದಲ್ಲಿ ಕೈ ಕಟ್ಟಿ ಕೂತಳು. ಏರು ಶುರುವಾಯಿತು. ಒಂದು ತಿರುವಿನಲ್ಲಿ ನೋಡಿದೆ, ಅವಳ ಎಡಗಾಲು ಕ್ಲಚ್ ಇದ್ದಂತೆ ಖಾಲಿ ನೆಲವನ್ನು ಒತ್ತುತ್ತಿತ್ತು.

"ಈಗ ಎಷ್ಟನೇ ಗೇರ್ ಅವ್ವಾ?" ಎಂದು ಕೇಳಿದೆ.

"ಎರಡನೇದು," ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.