ಮಗಳು ಆರಿಸಿದ ಫೋಟೋಗ್ರಾಫರ್

ಭಾಲ್ಕಿಯಲ್ಲಿ ಮೂವತ್ತು ವರ್ಷ ಮದುವೆ ಫೋಟೋ ತೆಗೆದವನು ನಾನು. ನನ್ನ ಮಗಳು ತನ್ನ ಮದುವೆಯ ಫೋಟೋ ತೆಗೆಯುವ ಬಗ್ಗೆ ಮಾತಾಡಲು ಬೀದರಿನ ಚಿದ್ರಿಯಿಂದ ಒಬ್ಬ ಫೋಟೋಗ್ರಾಫರ್ ಹೆಣ್ಣುಮಗಳನ್ನು ಕರೆಸಿದಳು. ಆಕೆಯ ಆಲ್ಬಮ್ಮಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ, ಹೊಟ್ಟೆ ಇನ್ನಷ್ಟು ಉರಿಯಿತು.

ಮಾತಿಗೊಮ್ಮೆ "ಜರಾ ತಡೀರಿ" ಎಂದು ಆಕೆ ದುಪಟ್ಟಾದಿಂದ ಕನ್ನಡಕ ಒರೆಸಿಕೊಂಡು ಎದುರಿನವರ ಮುಖವನ್ನೇ ನೋಡುತ್ತಿದ್ದಳು.

"ನಮ್ಮಪ್ಪಾನೂ ಫೋಟೋಗ್ರಾಫರ್ ಇದ್ದಾರ್ರಿ," ಎಂದಳು ಮಗಳು.

"ಹಂಗಾದ್ರ ಅವರ ಜೋಡಿ ನಿಮ್ಮ ಫೋಟೋ ಎಷ್ಟ ಅದಾವ್ರಿ?"

ಮಗಳು ಯೋಚಿಸಿದಳು. "ಒಂದೂ ಇಲ್ರಿ. ಯಾವಾಗ್ಲೂ ತೆಗಿಯೋರು ಅವರೇ."

"ಜರಾ ತಡೀರಿ, ಕಾಕಾ," ಎಂದು ಆಕೆ ಅಲ್ಲೇ ಕ್ಯಾಮೆರಾ ಎತ್ತಿದಳು. ಮಗಳು ಬಂದು ನನ್ನ ತೋಳು ಹಿಡಿದು ನಿಂತಳು.

ಆ ಫೋಟೋ ಈಗ ನನ್ನ ಸ್ಟುಡಿಯೋದ ಗೋಡೆಯ ಮೇಲಿದೆ. ಯಾರು ತೆಗೆದದ್ದೆಂದು ಗಿರಾಕಿಗಳು ಕೇಳಿದಾಗ, ಆಕೆಯ ಹೆಸರು ಹೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.