ಬಿದ್ದಿ ಅಂದರೆ ಬಿದ್ದವರು ಯಾರು?

"ಬಿದ್ದಿ," ಎಂದು ಮೇಜಿನ ಆಚೆ ಕೂತಿದ್ದ ಸುಬ್ಬಣ್ಣ ನನ್ನ ಮುಖವನ್ನೇ ನೋಡುತ್ತ ಹೇಳಿದ.

ನಮ್ಮ ಕಲಬುರಗಿಯಲ್ಲಿ ಯಾರಾದರೂ ನಿಮ್ಮ ಮುಖ ನೋಡಿ ಹೀಗೆಂದರೆ ಬಿದ್ದವರು ನೀವೇ. ಆಟಕ್ಕೆ ಹೊಸಬಳು, ಎಲ್ಲೋ ಲೆಕ್ಕ ತಪ್ಪಿದೆ ಎಂದುಕೊಂಡು, ನನ್ನಲ್ಲಿ ಉಳಿದಿದ್ದ ಒಂದೇ ಸಂಜೀವಿನಿ ಮಂತ್ರವನ್ನು ನನ್ನ ಮೇಲೇ ಹಾಕಿಕೊಂಡೆ. ಆಟದಲ್ಲಿ ಸುಬ್ಬಣ್ಣ ಆಡಿಸುತ್ತಿದ್ದ ವೀರ ಅಲ್ಲೇ ಸತ್ತ. ಶಿರಸಿ ಕಡೆಯ ಇವರ ಮನೆಮಾತಿನಲ್ಲಿ "ಆನು ಬಿದ್ದಿ" ಅಂದರೆ "ನಾನು ಬಿದ್ದೆ" ಎಂದಂತೆ. ಆಟದ ಬಿಸಿಯಲ್ಲಿ ಅವನು "ಆನು" ನುಂಗಿದ್ದ.

ಊರಿನವರಿಗೆ ಈ ಆಟ ಏನೆಂದು ಹೇಳಬೇಕು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ, ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುವವನು ಮಧು. ಶಿರಸಿಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇದೆ, ಅದರ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತೇವೆ. ಸುಬ್ಬಣ್ಣ ಸಿದ್ದಾಪುರದಿಂದ, ವಿದ್ಯಾ ಯಲ್ಲಾಪುರದಿಂದ ಬಸ್ಸು ಹತ್ತಿ ಬರುತ್ತಾರೆ. ಯಾರಿಗೂ ಬೇಡವಾದ ಪಾತ್ರ ಹೊಸಬರಿಗೆ ತಾನೆ, ನನಗೆ ಸಿಕ್ಕಿದ್ದು ಕ್ಲೆರಿಕ್: ದೇವರ ಕೃಪೆ ಪಡೆದು ಗದೆ, ಗುರಾಣಿ ಹಿಡಿದ ಅರ್ಚಕಿ. "ನೀವು ಹಿಂದೆ ನಿಂತ್ಕಳಿ ಅಕ್ಕ, ಗಾಯ ಆದ್ರೆ ವಾಸಿ ಮಾಡಿ, ಸಾಕು," ಎಂದಿದ್ದ ಸುಬ್ಬಣ್ಣ.

ನಾನು ಭೂಮಾಪಕಿ, ಕೆಲಸದ ವರ್ಗಾವಣೆಯ ಮೇಲೆ ಬಂದವಳು. ನಮ್ಮಲ್ಲಿ ಹೊಲದ ಈ ತುದಿಗೆ ನಿಂತರೆ ಆ ತುದಿ ಕಾಣುತ್ತದೆ. ಇಲ್ಲಿ ಮುಂದಿನ ತಿರುವೇ ಕಾಣುವುದಿಲ್ಲ, ಜನರ ಮನಸ್ಸೂ ಹಾಗೇ. ನಮ್ಮವರು ಇಲ್ಲ ಎನ್ನುವುದಿದ್ದರೆ ಓಣಿಗೆಲ್ಲ ಕೇಳುವಂತೆ ಇಲ್ಲ ಎನ್ನುತ್ತಾರೆ. ಇವರು ನಯವಾಗಿ "ನೋಡನ" ಎನ್ನುತ್ತಾರೆ. ನೋಡನ ಅಂದರೆ ಇಲ್ಲ ಎಂದು ತಿಳಿಯುವಷ್ಟರಲ್ಲಿ ಬಾಡಿಗೆಗೆಂದು ಎಷ್ಟೋ ಮನೆ ಹತ್ತಿಳಿದಿದ್ದೆ. ಕೊನೆಗೆ ಸಿಕ್ಕ ಕೋಣೆಯಲ್ಲಿ ಒಬ್ಬಳೇ ರೊಟ್ಟಿ ಬಡಿದರೆ ಆ ಸದ್ದಿಗೆ ಕೆಳಗಿನ ಮನೆಯವರು ಗಾಬರಿಯಾಗಿ ಮೇಲೆ ಬಂದರು. ಹೋಗುವಾಗ ತಂಬುಳಿ ಕೊಟ್ಟು ಹೋದರು, ಸೊಪ್ಪು ಅರೆದು ಮಜ್ಜಿಗೆಗೆ ಕಲಸಿದ್ದು. ಅದನ್ನು ರೊಟ್ಟಿಯ ಜೊತೆ ತಿಂದೆ. ಅನ್ನಕ್ಕೇ ಕಲಸಬೇಕೆಂಬ ಕಾನೂನೇನೂ ಇಲ್ಲವಲ್ಲ.

ವೀರ ಸತ್ತ ಮೇಲೆ ಸುಬ್ಬಣ್ಣ ಮಧುವಿನ ಹತ್ತಿರ ದೂರಿದ್ದ, ಬೇರೆ ಯಾರನ್ನಾದರೂ ಕರೆಯೋಣ ಎಂದಿದ್ದ. ಮಧು ನನಗೆ ಹೇಳಿದ್ದು ಇಷ್ಟೇ: "ಮುಂದಿನ ವಾರ ಆಡನ ಅಕ್ಕ. ಆಮೇಲೆ ನೋಡನ."

ಆ ಶಬ್ದದ ಅರ್ಥ ಅಷ್ಟರಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಆ ಮೇಜು ತಪ್ಪಿದರೆ ಈ ಊರಲ್ಲಿ ನನ್ನನ್ನು ಕರೆದು ಮಾತಾಡಿಸುವವರು ಕಚೇರಿಯವರು ಬಿಟ್ಟರೆ ಯಾರೂ ಇರಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅವರ ಮಾತು ತಿಳಿದುಕೊಳ್ಳುತ್ತೇನೆ, ಆದರೆ ಆಡುವುದು ನನ್ನದೇ ಮಾತು ಎಂದು ಹಟ ತೊಟ್ಟೆ. ನಿಯಮದ ಪುಸ್ತಕ ಹಿಡಿದು ಕೂತೆ. ಗಾಯವಾದ ಮೇಲೆ ಮುಲಾಮು ಹಚ್ಚುವುದೆಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಕಾಯುವವಳು ಏಟು ಬೀಳುವ ಮೊದಲೇ ಕಾಯಬೇಕು.

ಮುಂದಿನ ಭಾನುವಾರ ಸೇತುವೆಯ ಮೇಲೆ ಒಬ್ಬ ದೈತ್ಯ ಅಡ್ಡ ನಿಂತಿದ್ದ. ನಾನು ಮೊದಲೇ ಆಶೀರ್ವಾದದ ಮಂತ್ರ ಹಾಕಿ ಎಲ್ಲರ ದಾಳಕ್ಕೂ ಬಲ ಕೊಟ್ಟೆ. ಗುರಾಣಿ ಎತ್ತಿ ಎಲ್ಲರಿಗಿಂತ ಮುಂದೆ ಹೋಗಿ ನಿಂತೆ. ಸುಬ್ಬಣ್ಣನ ಹೊಸ ವೀರನಿಗೆ ಒಂದು ಗೀರು ಬಿತ್ತು. ವಾಸಿ ಮಾಡಿ ಎಂದ.

"ಕೆರಕೊಂಡಿದ್ದಕ್ಕೆಲ್ಲ ಮುಲಾಮು ಹಚ್ಚಂಗಿಲ್ಲ. ಬಿದ್ರ ಎಬ್ಬಸ್ತೀನಿ. ಅಲ್ಲೀತನಕ ಹೊಡೀರಿ," ಎಂದೆ.

ಅವನ ಮುಖ ಸಣ್ಣದಾಯಿತು. ಮಧು ತಲೆ ತಗ್ಗಿಸಿ ದಾಳ ಹಾಕಿದ. ಮುಂದಿನ ಏಟಿಗೆ ಸುಬ್ಬಣ್ಣ ಮೆಲ್ಲಗೆ "ಬಿದ್ದಿ" ಎಂದ. ಈ ಸಲವೂ "ಆನು" ಇರಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ದೂರದಿಂದಲೇ ಎಬ್ಬಿಸುವ ಒಂದು ಮಂತ್ರವನ್ನು ಇದಕ್ಕೆಂದೇ ಉಳಿಸಿಕೊಂಡಿದ್ದೆ. ಎದ್ದ, ಕೊಡಲಿ ಬೀಸಿದ, ದೈತ್ಯ ಹೊಳೆಗೆ ಉರುಳಿದ.

ಸುಬ್ಬಣ್ಣ ನನ್ನ ಕಡೆ ನೋಡಿ "ಅಡ್ಡಿಲ್ಲೆ" ಎಂದ. ತೊಂದರೆಯಿಲ್ಲ ಎಂಬ ಮಾತು ಅದು, ಆದರೆ ಇಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ವಿದ್ಯಾ ಆಮೇಲೆ ಹೇಳಿದಳು. ನೋಡನ ಎಂಬ ಮಾತನ್ನು ಮಧು ಮತ್ತೆ ಎತ್ತಲಿಲ್ಲ. ಈಗ ನನ್ನ ಜಾಗ ಮುಂದೆಯೇ. ಸುಬ್ಬಣ್ಣ ನನ್ನ ಗುರಾಣಿಯ ಹಿಂದೆ ನಿಲ್ಲುತ್ತಾನೆ.

ಮೊನ್ನೆ ರಜೆಗೆ ಊರಿಗೆ ಬಂದಾಗ ನಮ್ಮದೇ ಮನೆಯ ಹೊಸ್ತಿಲು ಎಡವಿ ಅಂಗಳದಲ್ಲಿ ಬಿದ್ದೆ. "ಬಿದ್ದಿ," ಎಂದು ಕೂಗಿದೆ.

ಅವ್ವ ಒಳಗಿಂದ ಬಂದು ನೋಡಿದಳು. "ನಾ ಎಲ್ಲಿ ಬಿದ್ದೀನಿ? ಬಿದ್ದಾಕಿ ನೀ," ಎಂದಳು.

ಮೊಣಕಾಲು ಒರೆಸಿಕೊಂಡು ನಾನೇ ಎದ್ದೆ. "ಅಡ್ಡಿಲ್ಲೆ," ಎಂದೆ. ಅದೂ ಅವ್ವನಿಗೆ ತಿಳಿಯಲಿಲ್ಲ.